ಕಂತಿನ ಮೇಲೆ ಕಾದಂಬರಿಕಾರ

"ಸರ್, ನಿಮ್ಮೊಳಗೆ ಒಬ್ಬ ಕಾದಂಬರಿಕಾರ ಮಲಗಿದಾನೆ" ಅಂತ ಕಾದಂಬರಿ ಕೋರ್ಸು ಮಾರೋ ಆ ಹುಡುಗ ಹೇಳಿದಾಗ ಫೋನು ಸ್ಪೀಕರಲ್ಲಿತ್ತು, ಅದೇ ತಪ್ಪಾಗಿದ್ದು. ಅಡುಗೆಮನೆಯಿಂದ ನಮ್ಮನೆಯವಳು "ಮಲಗಿದ್ರೆ ಮಲಗಿರ್ಲಿ ಬಿಡಪ್ಪ, ಹೊರಗಿರೋರು ಎದ್ದು ಸ್ನಾನ ಮಾಡೋಷ್ಟರಲ್ಲೇ ಹನ್ನೊಂದು ಗಂಟೆ ಆಗುತ್ತೆ, ಇನ್ನು ಒಳಗಿರೋರನ್ನೂ ಎಬ್ಬಿಸಿದ್ರೆ ಇಬ್ಬರಿಗೂ ತಿಂಡಿ ಯಾರು ಮಾಡ್ತಾರೆ" ಅಂದ್ಲು. ಹುಡುಗ ನಕ್ಕುಬಿಟ್ಟು "ಮೇಡಂಗೆ ಡೈಲಾಗ್ ಚೆನ್ನಾಗಿ ಬರುತ್ತೆ ಸರ್, ಕಪಲ್ ಆಫರ್ ಇದೆ, ಇಬ್ಬರೂ ಸೇರ್ಕೊಂಡ್ರೆ 30 ಪರ್ಸೆಂಟ್ ಕಡಿಮೆ" ಅಂದ. ಅವನು ಮುಂದೆ ಬರ್ತಾನೆ ಬಿಡಿ.

ನಾನು ತಿಪಟೂರು ಕಡೆಯ ಒಂದು ಸೊಸೈಟೀಲಿ 34 ವರ್ಷ ಗುಮಾಸ್ತನಾಗಿದ್ದೋನು. ರಸೀದಿ, ಲೆಡ್ಜರು, ನಡಾವಳಿ ಪುಸ್ತಕ, ಆಡಿಟ್ ಆಕ್ಷೇಪಣೆಗೆ ಸಮಜಾಯಿಷಿ, ಇಷ್ಟೇ ನನ್ನ ಸಾಹಿತ್ಯ. (ಆಡಿಟ್ ಸಮಜಾಯಿಷಿಗಳನ್ನ ಕಥೆ ಅಂತ ಒಪ್ಕೊಳ್ಳೋದಾದ್ರೆ ನಾಲ್ಕು ಸಂಪುಟ ಆಗಲೇ ಆಗಿದೆ.) ರಿಟೈರ್ ಆದ್ಮೇಲೆ ಒಂದು ಕಾದಂಬರಿ ಬರೀಬೇಕು ಅಂತ ಆಸೆ, ವಿಷಯಾನೂ ಮನೇಲೇ ಇತ್ತು. ನಮ್ಮಪ್ಪಂಗೂ ದೊಡ್ಡಪ್ಪಂಗೂ ಬದುವಿನ ಮೇಲಿದ್ದ ಒಂದೇ ಒಂದು ತೆಂಗಿನಮರಕ್ಕೆ 19 ವರ್ಷ ಕೇಸು ನಡೀತು, ಮರ ಹುಟ್ಟಿದ್ದು ನಮ್ಮ ಕಡೆ ಬಾಗಿದ್ದು ಅವರ ಕಡೆ, ಬೇರು ಎಲ್ಲಿದೆಯೋ ಮರ ಅವರದ್ದು ಅಂತ ನಮ್ಮಪ್ಪ, ಕಾಯಿ ಎಲ್ಲಿ ಬೀಳುತ್ತೋ ಮರ ಅವರದ್ದು ಅಂತ ದೊಡ್ಡಪ್ಪ, ತೀರ್ಪು ಬರೋ ಹೊತ್ತಿಗೆ ಮರಕ್ಕೆ ಸುಳಿಕೊಳೆ ಬಂದು ಬೋಳು ಕಂಬ ಆಗಿತ್ತು. ಇದನ್ನ ನೋಟ್‌ಬುಕ್ಕಲ್ಲಿ 14 ಪುಟ ಬರೆದೂ ಇದ್ದೆ. ಅಷ್ಟೊತ್ತಿಗೆ ಮೊಬೈಲಲ್ಲಿ ಜಾಹೀರಾತು: ಮನೆಯಲ್ಲೇ ಕೂತು 6 ತಿಂಗಳಲ್ಲಿ ಕಾದಂಬರಿಕಾರರಾಗಿ, ಪಾಠ ಅಂಚೆಯಲ್ಲಿ, ಮಾರ್ಗದರ್ಶನ ವಾಟ್ಸಾಪಲ್ಲಿ, ಕೊನೆಗೆ ಹೊಲೋಗ್ರಾಂ ಇರೋ ಸರ್ಟಿಫಿಕೇಟು, 18,000ದ ಕೋರ್ಸು ಇವತ್ತು ರಾತ್ರಿ 12ರ ತನಕ ಮಾತ್ರ 11,999, ಕಂತೂ ಉಂಟು. ಆ "ಇವತ್ತು ರಾತ್ರಿ" ಇವತ್ತಿಗೂ ಮುಗಿದಿಲ್ಲ, ನಿನ್ನೆ ನೋಡಿದೆ.

ಕರೆಸ್ಪಾಂಡೆನ್ಸ್ ಅಂದ್ರೆ ನಂಗೇನೂ ತಾತ್ಸಾರ ಇಲ್ಲ ಮತ್ತೆ. ಮೈಸೂರು ವಿಶ್ವವಿದ್ಯಾನಿಲಯದವರು 1969ರಲ್ಲಿ ಅಂಚೆ ಮೂಲಕ ಪಾಠ ಶುರು ಮಾಡಿದ್ರು, ಅದೇ 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯ ಆಯ್ತು, ನಾನು ಬಿ.ಎ. ಮಾಡಿದ್ದೂ ಆ ಅಂಚೆ ಪಾಠದಲ್ಲೇ. ಆದ್ರೆ ಅಲ್ಲಿ ಓದಿ ಪರೀಕ್ಷೆ ಬರೀಬೇಕಿತ್ತು, ಫೇಲೂ ಮಾಡ್ತಿದ್ರು, ನನ್ನನ್ನೇ ಒಂದ್ಸಲ ಮಾಡಿದಾರೆ. ಇಲ್ಲಿ ಆ ತೊಂದರೆ ಇಲ್ಲ.

ಮೊದಲು ಪ್ರತಿಭಾ ಪರೀಕ್ಷೆ ಅಂತ ಒಂದು ಫಾರಂ ಕಳಿಸಿದ್ರು. "ಮಳೆ ಬಂದಾಗ ನಿಮ್ಮ ಮನಸ್ಸಿನಲ್ಲಿ ಏನು ಮೂಡುತ್ತದೆ?" ಅಂತ ಪ್ರಶ್ನೆ. "ಹೆಂಚು ಸೋರಿ ಅಟ್ಟದ ಮೇಲಿರೋ ಕೊಬ್ಬರಿ ಹಾಳಾಗುತ್ತೇನೋ ಅನ್ನೋ ಭಯ ಮೂಡುತ್ತದೆ" ಅಂತ ಇದ್ದದ್ದನ್ನ ಬರೆದೆ. 92 ಮಾರ್ಕ್ಸ್. ಅಪರೂಪದ ಸಂವೇದನೆಯಂತೆ. ಎದುರುಮನೆ ಮೇಷ್ಟ್ರೂ ಬರೆದಿದ್ರು, ಅವರ ಉತ್ತರ ಬೇರೆ, ಮಾರ್ಕ್ಸ್ ಮಾತ್ರ ಅದೇ 92, ಅಪರೂಪದ ಸಂವೇದನೇನೂ ಅದೇ. ಒಂದೇ ಬೀದೀಲಿ ಎರಡು ಅಪರೂಪ.

ಕರಪತ್ರದ ಮೇಲೆ ನಮ್ಮ ಎಂಟು ಜನ ಜ್ಞಾನಪೀಠದವರ ಫೋಟೋ ಸಾಲಾಗಿತ್ತು, ಕೆಳಗೆ "ಮುಂದಿನ ಹೆಸರು ನಿಮ್ಮದೇ?" ಅಂತ. ಅಲ್ರೀ, ಬೇಂದ್ರೆಯವರು ಕವಿ, ಕಾರ್ನಾಡರು ನಾಟಕಕಾರರು, ಕಾದಂಬರಿ ಕೋರ್ಸಿನ ಕರಪತ್ರದಲ್ಲಿ ಅವರನ್ನ ಯಾಕೆ ಬಿಸಿಲಿಗೆ ನಿಲ್ಲಿಸಿದೀರಿ ಅಂತ ಕೇಳಿದ್ದಕ್ಕೆ ಆ ಹುಡುಗ "ಸರ್ ನೀವು ಡೀಟೇಲ್ ಚೆನ್ನಾಗಿ ಗಮನಿಸ್ತೀರಾ, ಕಾದಂಬರಿಕಾರನ ಲಕ್ಷಣ" ಅಂದ. ಬೈದ್ರೂ ಲಕ್ಷಣ, ಹೊಗಳಿದ್ರೂ ಲಕ್ಷಣ. ಇಂಥೋರ ಕೈಯಲ್ಲಿ ಕಾಸು ಉಳಿಸ್ಕೊಳ್ಳೋದು ಕಷ್ಟ.

ಪಾಠಗಳು ಬಂದ್ವು. ಕಥಾನಾಯಕನ ಪಯಣಕ್ಕೆ 12 ಮೆಟ್ಟಿಲು, ಅದರಲ್ಲಿ ಎರಡನೆಯದೋ ಮೂರನೆಯದೋ ಮೆಟ್ಟಿಲು "ರೆಫ್ಯೂಸಲ್ ಆಫ್ ದ ಕಾಲ್", ಅಂದ್ರೆ ಕರೆ ಬಂದ್ರೂ ನಾಯಕ ಮೊದಲು ಒಲ್ಲೆ ಅನ್ನೋದು. ನಂಗೆ ತಕ್ಷಣ ಅರ್ಥ ಆಯ್ತು, ಕಂತಿನ ದಿನ ಅವರು ಕಾಲ್ ಮಾಡೋದು ನಾನು ಕಟ್ ಮಾಡೋದು. ಆಮೇಲೆ "ಶೋ, ಡೋಂಟ್ ಟೆಲ್" ಅಂತೊಂದು ಪಾಠ, ಹೇಳಬೇಡಿ ತೋರಿಸಿ ಅಂತ 40 ಪುಟ ಹೇಳಿದಾರೆ, ಒಂದು ಉದಾಹರಣೇನೂ ತೋರಿಸಿಲ್ಲ. ಒಂಬತ್ತನೇ ಪಾಠ ಮಾತ್ರ ಬಂಗಾರ, ಅದು ಪುಟದ ಪಾಠ. ನಮ್ಮಲ್ಲಿ ಗ್ರಂಥಾಲಯ ಇಲಾಖೆಯವರು ಸಗಟಾಗಿ ಪುಸ್ತಕ ತಗೊಳ್ಳೋದು ಪುಟಕ್ಕೆ ಇಷ್ಟು ಅಂತ ಲೆಕ್ಕ ಹಾಕಿ ತಾನೆ, ಹಾಗಾಗಿ ಪ್ರತಿ ಅಧ್ಯಾಯದ ಶುರುವಲ್ಲಿ ಮಳೆ ಬರಿಸಿ, ಸಂಭಾಷಣೆ ಒಂದೊಂದು ಸಾಲಿಗೆ ಮುರೀರಿ, "ಹೂಂ" ಅನ್ನೋದಕ್ಕೂ ಒಂದು ಸಾಲು ಕೊಡಿ ಅಂತ. ಗುಮಾಸ್ತಂಗೆ ಇದು ಕರಗತ ವಿದ್ಯೆ, ನಾವು ಪ್ರಯಾಣ ಭತ್ಯೆ ಬಿಲ್ಲನ್ನ ಹೀಗೇ ಬರೀತಿದ್ವಿ.

ನನ್ನ ತೆಂಗಿನಮರದ 14 ಪುಟ ಮೊದಲ ಹೋಂವರ್ಕ್ ಅಂತ ಕಳಿಸಿದೆ. ಎರಡು ವಾರ ಆದ್ಮೇಲೆ ಮಾರ್ಗದರ್ಶಕರ ಅಭಿಪ್ರಾಯ ಬಂತು: "ಭಾಷೆ ಸೊಗಸಾಗಿದೆ. ಆದರೆ ಕೇವಲ ಒಂದು ತೆಂಗಿನಮರಕ್ಕಾಗಿ ಅಣ್ಣತಮ್ಮಂದಿರು 19 ವರ್ಷ ಜಗಳ ಆಡುವುದು ನಂಬಲರ್ಹವಾಗಿಲ್ಲ. ಮರದ ಕೆಳಗೆ ನಿಧಿ ಇಡಬಹುದೇ? ಒಂದು ಕೊಲೆ ಮಾಡಿಸಬಹುದೇ?" ಈ ಮಾರ್ಗದರ್ಶಕರು ಯಾವತ್ತೂ ಒಂದು ತಾಲೂಕು ಕೋರ್ಟಿನ ಮುಂದಿನ ಹೋಟ್ಲಲ್ಲಿ ಕೂತು ಕಾಫಿ ಕುಡಿದಿಲ್ಲ ಅಂತ ಗೊತ್ತಾಯ್ತು, ಅಲ್ಲಿ ಬೇಲಿ ಮೂರು ಅಡಿ ಸರಿದಿದ್ದಕ್ಕೆ ಮೊಮ್ಮಕ್ಕಳ ಕಾಲದವರೆಗೂ ವಾಯಿದೆ ಓಡುತ್ತೆ, ನಿಧಿ ಸಿಕ್ಕಿದ್ರೆ ಅರ್ಧರ್ಧ ಹಂಚ್ಕೊಂಡು ಸುಮ್ಮನಾಗ್ತಿದ್ರು ಇಬ್ರೂ.

ಎರಡನೇ ಹೋಂವರ್ಕಲ್ಲಿ ಒಂದು ಎಡವಟ್ಟಾಯ್ತು. ಕಣ್ಣು ಸರಿ ಕಾಣಲ್ಲ, ಮೊಬೈಲಲ್ಲಿ ಬೇರೆ ಫೈಲು ಒತ್ತಿ ಕಳಿಸ್ಬಿಟ್ಟಿದೀನಿ, ಸೊಸೈಟಿಯ ವಾರ್ಷಿಕ ಮಹಾಸಭೆ ನಡಾವಳಿ. "ಸದರಿ ವಿಷಯವನ್ನು ಸಭೆಯ ಮುಂದೆ ಮಂಡಿಸಲಾಗಿ, ಸದಸ್ಯರು ದೀರ್ಘವಾಗಿ ಚರ್ಚಿಸಿ, ರಸಗೊಬ್ಬರದ 11 ಚೀಲಗಳ ಕೊರತೆಯನ್ನು ಇಲಿಗಳ ಬಾಬ್ತು ವಜಾ ಮಾಡಲು ತೀರ್ಮಾನಿಸಲಾಯಿತು" ಅಂತ ಶುರುವಾಗೋದು. ಅದಕ್ಕೆ ಬಂದ ಅಭಿಪ್ರಾಯ ನೋಡಿ: "ನಿರೂಪಕನ ದನಿ ವಿಶಿಷ್ಟವಾಗಿದೆ. ಇಲಿಗಳು ಶಕ್ತಿಶಾಲಿ ರೂಪಕ. ಕಾರ್ಯದರ್ಶಿಯ ಪಾತ್ರ ಜೀವಂತ. ನಾಯಕಿ ಯಾವಾಗ ಬರುತ್ತಾಳೆ?" ನಾಯಕಿ ಎಲ್ಲಿ ಬರ್ತಾಳೆ ಸ್ವಾಮಿ, ಮುಂದಿನ ಪುಟದಲ್ಲಿ ಬರೋದು ಸಹಕಾರ ಇಲಾಖೆ ಇನ್‌ಸ್ಪೆಕ್ಟರು. ಯೂರಿಯಾ ಚೀಲ ತಿನ್ನೋ ಇಲಿ ಲೋಕದಲ್ಲಿ ಎಲ್ಲೂ ಇಲ್ಲ ಅಂತ ಹೇಳಿದೋನೂ ಅವನೊಬ್ಬನೇ.

ಈ ವ್ಯಾಪಾರ ಹೊಸದಲ್ಲ. 1961ರಲ್ಲಿ ಅಮೆರಿಕಾದ ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್ ಅನ್ನೋ ಊರಲ್ಲಿ "ಫೇಮಸ್ ರೈಟರ್ಸ್ ಸ್ಕೂಲ್" ಅಂತ ಶುರುವಾಯ್ತು, ಹೆಸರೇ ಹಾಗೆ, ಪ್ರಖ್ಯಾತ ಲೇಖಕರ ಶಾಲೆ. ರ‍್ಯಾಂಡಮ್ ಹೌಸ್ ಪ್ರಕಾಶನದ ಬೆನೆಟ್ ಸರ್ಫ್, ಟೀವಿಯಲ್ಲೂ ಬರ್ತಿದ್ದ ಮುಖ, ಅವರ ಜೊತೆ ಇನ್ನೊಂದಷ್ಟು ಹೆಸರುವಾಸಿಗಳು, ಜಾಹೀರಾತಿನ ತುಂಬ ಅವರ ಫೋಟೋ. ನಮ್ಮ ಎಂಟು ಜನಕ್ಕೆ ಕರಪತ್ರದ ವಿಷಯಾನೇ ಗೊತ್ತಿರಲಿಕ್ಕಿಲ್ಲ, ಪಾಪ, ಆದ್ರೆ ಆ ಅಮೆರಿಕಾದೋರು ಗೊತ್ತಿದ್ದೇ ನಿಂತಿದ್ರು. ಫೀಸು 785 ಡಾಲರು, ಕಂತಿನ ಮೇಲಾದ್ರೆ 900, ಯೂನಿವರ್ಸಿಟಿಯವರ ಅಂಚೆ ಕೋರ್ಸಿಗಿಂತ ಹತ್ತಿಪ್ಪತ್ತು ಪಟ್ಟು ಜಾಸ್ತಿ. ಜೆಸಿಕಾ ಮಿಟ್‌ಫರ್ಡ್ ಅನ್ನೋ ಪತ್ರಕರ್ತೆಯ ಗಂಡ ವಕೀಲರು, ಅವರ ಹತ್ರ 72 ವರ್ಷದ ಒಬ್ಬ ವಿಧವೆ ಬಂದು, ಸೇಲ್ಸ್‌ಮನ್ ಮನೆಗೇ ಬಂದು ಬ್ಯಾಂಕಲ್ಲಿದ್ದ ಚೂರುಪಾರು ಹಣದಲ್ಲಿ 200 ಡಾಲರು ಕಟ್ಟಿಸ್ಕೊಂಡು ಹೋದ ಅಂತ ಹೇಳ್ಕೊಂಡ್ರಂತೆ, ಅಲ್ಲಿಂದ ಶುರುವಾಗಿ ಆಯಮ್ಮ ಜಾಲಾಡಿಬಿಟ್ಟು 1970ರ ಜುಲೈಯಲ್ಲಿ ಅಟ್ಲಾಂಟಿಕ್ ಪತ್ರಿಕೇಲಿ ಬರೆದ್ರು. ಆ ಪರೀಕ್ಷೆ ಕಥೇನೂ ಬಂತು, ಒಬ್ಬ ಲೇಖಕ ಬೇಕಂತಲೇ ಅಷ್ಟಾಗಿ ಓದು ಬರಹ ಕಲಿಯದ ಮುದುಕಿ ಥರ ಕೆಟ್ಟದಾಗಿ ಉತ್ತರ ಬರೆದು ಕಳಿಸಿದ್ದಕ್ಕೂ ನಿಮ್ಮಲ್ಲಿ ಪ್ರತಿಭೆ ಇದೆ ಅಂತ ಉತ್ತರ ಬಂದಿತ್ತು. ನನ್ನ 92ಕ್ಕೆ ಎಂಥ ವಂಶಾವಳಿ ಇದೆ ನೋಡಿ.

ಎಲ್ಲಕ್ಕಿಂತ ಮಜಾ ಅಂದ್ರೆ ಸರ್ಫ್ ಸಾಹೇಬರ ಉತ್ತರ. ನಿಮ್ಮ ಪ್ರಕಾಶನದಿಂದ ಈ ಶಾಲೆಯವರ ಪುಸ್ತಕ ಎಷ್ಟು ತಂದಿದೀರಿ ಅಂತ ಕೇಳಿದ್ದಕ್ಕೆ, ತಮಾಷೆ ಮಾಡ್ತೀರಾ, ನಾವು ಪುಸ್ತಕ ಮಾಡೋ ಮಟ್ಟದೋರಿಗೆ ಅಂಚೆಯಲ್ಲಿ ಬರೆಯೋದು ಕಲಿಯೋ ಕರ್ಮ ಯಾಕೆ ಬರುತ್ತೆ ಅನ್ನೋ ಧಾಟೀಲಿ ಹೇಳಿದ್ರಂತೆ. ಹೋಟ್ಲು ಓನರು ಮನೆಯಿಂದ ಬುತ್ತಿ ತರೋ ಹಾಗೆ. ಆದ್ರೆ ನನ್ನ ಗುಮಾಸ್ತಿಕೆ ಬುದ್ಧಿ ನಿಂತಿದ್ದು ಇನ್ನೊಂದು ಲೆಕ್ಕದ ಮೇಲೆ: ಸುಮಾರು 65,000 ವಿದ್ಯಾರ್ಥಿಗಳು, ತಿದ್ದೋ ಮೇಷ್ಟ್ರುಗಳು 55 ಜನ. ಒಬ್ಬೊಬ್ಬರ ತಲೆಗೆ ಸಾವಿರದ ನೂರಾ ಚಿಲ್ಲರೆ ಕಾದಂಬರಿಕಾರರು. ಎಲ್ಲಾರೂ ಹೋಂವರ್ಕ್ ಕಳಿಸಿದ್ರೆ ಆ ಮೇಷ್ಟ್ರುಗಳು ಕನ್ನಡಕ ಒಡ್ಕೊಂಡು ಓಡಿಹೋಗ್ಬೇಕು. ಕಳಿಸಲ್ಲ, ಅದೇ ಗುಟ್ಟು. ಕಟ್ಟಿದ ಮೇಲೆ ಮುಕ್ಕಾಲು ಪಾಲು ಜನ ಮಧ್ಯದಲ್ಲೇ ಸುಮ್ಮನಾಗ್ತಾರೆ, ಕಂತು ಮಾತ್ರ ಸುಮ್ಮನಾಗಲ್ಲ. ನಮ್ಮ ಸೊಸೈಟೀಲಿ ಸಾಲ ತಗೊಂಡು ಕಟ್ಟದೆ ಇರೋನು ನಷ್ಟ, ಅವರಲ್ಲಿ ಕಟ್ಟಿ ಬರೀದೆ ಇರೋನೇ ಲಾಭ. ಆ ಲೇಖನ ಬಂದ ಮೇಲೆ ಶೇರು ಕುಸಿದು 1972ರಲ್ಲಿ ಕಂಪನಿ ದಿವಾಳಿ ಎದ್ದಿತು. ಬೀಜ ಮಾತ್ರ ಉಳ್ಕೊಂಡಿದೆ, ಈಗ ನನ್ನ ಮೊಬೈಲಲ್ಲಿ ಮೊಳಕೆ ಒಡೆದಿದೆ.

ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ 212 ಜನ ಇದ್ವಿ. ಯಾರು ಏನು ಹಾಕಿದ್ರೂ "ಅದ್ಭುತ", "ಮನ ಮುಟ್ಟಿತು", ಆಮೇಲೆ ಕೈಮುಗಿಯೋ ಚಿತ್ರ. ಒಬ್ಬರು 90 ಪುಟದ ಫೈಲು ಹಾಕಿದ ನಲವತ್ತನೇ ಸೆಕೆಂಡಿಗೆ "ಒಂದೇ ಗುಕ್ಕಿಗೆ ಓದಿ ಮುಗಿಸಿದೆ, ಕಣ್ಣು ಒದ್ದೆ" ಅಂತ ಬಂತು. ಆ ಫೈಲು ತೆರೆಯಲ್ಲ ಅಂತ ಆಮೇಲೆ ಗೊತ್ತಾಯ್ತು, ಪಾಸ್‌ವರ್ಡ್ ಹಾಕಿಟ್ಟಿದ್ರು. ನಾನೂ ಸಾಚಾ ಅಲ್ಲ, "ಕೊನೆಯ ಅಧ್ಯಾಯವಂತೂ!" ಅಂತ ಹಾಕಿದ್ದೋನು ನಾನೇ.

ಒಂದಿನ ಆನ್‌ಲೈನ್ ಕ್ಲಾಸಲ್ಲಿ ಮಾರ್ಗದರ್ಶಕರನ್ನ ಕೇಳಿದೆ. ಸಾರ್, 1899ರಲ್ಲೇ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೇಲಿ ಕೆಲಸ ಮಾಡ್ತಿದ್ದೋರು, ಗಳಗನಾಥರು ತಾವು ಬರೆದ ಪುಸ್ತಕಾನ ತಾವೇ ಹೊತ್ಕೊಂಡು ಊರೂರು ತಿರುಗಿ ಮಾರಿದೋರು, ಎಂ.ಕೆ. ಇಂದಿರಾ ಅವರಿಗೆ 12ನೇ ವಯಸ್ಸಿಗೇ ಮದುವೆಯಾಗಿ ಸ್ಕೂಲು ನಿಂತುಹೋಗಿ ಕಾದಂಬರಿಗೆ ಕೈ ಹಾಕಿದ್ದು 45ರ ಸುಮಾರಿಗೆ, ಇವರೆಲ್ಲ ಯಾವ ಬ್ಯಾಚು? ಮೈಕು ಸ್ವಲ್ಪ ಹೊತ್ತು ಗೊರಗೊರ ಅಂತು. "ಅವರದ್ದು ಲೆಗಸಿ ಬ್ಯಾಚ್ ಸರ್, ಆಗ ಕಾಂಪಿಟೇಶನ್ ಕಡಿಮೆ ಇತ್ತು" ಅಂದ್ರು. ಗಳಗನಾಥರ ವಿಷಯ ಅವರಿಗೆ ತುಂಬ ಹಿಡಿಸ್ತು, "ಡೈರೆಕ್ಟ್ ಮಾರ್ಕೆಟಿಂಗ್" ಅಂತ ಬರ್ಕೊಂಡ್ರು, ಮುಂದಿನ ವಾರದ ಪಾಠದಲ್ಲಿ ಅದು ಸ್ಲೈಡಾಗಿ ಬಂತು, ನನ್ನ ಹೆಸರೂ ಇಲ್ಲ ಗಳಗನಾಥರ ಹೆಸರೂ ಇಲ್ಲ.

ಸರ್ಟಿಫಿಕೇಟು ಬಂತು ಮೊನ್ನೆ. ದಪ್ಪ ಕಾಗದ, ಬಂಗಾರದ ಅಂಚು, "ಕಾದಂಬರಿಕಾರ (ಡಿಸ್ಟಿಂಕ್ಷನ್)". ಕಾದಂಬರಿ ಇಲ್ಲ, ಕಾದಂಬರಿಕಾರ ಇದಾನೆ. ಎದುರುಮನೆ ಮೇಷ್ಟ್ರು ಫ್ರೇಮ್ ಹಾಕ್ಸಿ, ಮೊಮ್ಮಗನ ಮುಂಜಿ ಕರೆಯೋಲೇಲಿ ಹೆಸರಿನ ಮುಂದೆ ಹಾಕ್ಸಿದಾರೆ. ಅದೇ ಸಂಜೆ ಆ ಹುಡುಗನ ಫೋನು, ಸರ್ ಈಗ ಅಡ್ವಾನ್ಸ್ಡ್ ಪ್ಯಾಕೇಜ್ ಇದೆ, 4,999ಕ್ಕೆ ನಿಮಗೆ 50 ಜನ ಓದುಗರನ್ನ ನಾವೇ ಕೊಡ್ತೀವಿ ಅಂತ. ಓದುಗರು ಯಾರಪ್ಪ ಅಂದೆ. "ಹೊಸ ಬ್ಯಾಚಿನ ಸ್ಟೂಡೆಂಟ್ಸ್ ಸರ್."

ಫೋನಿಟ್ಟು ಒಳಗೆ ಬಂದ್ರೆ ನಮ್ಮನೆಯವಳು ಮಂಚದ ಮೇಲೆ ಕೂತು ನನ್ನ ಹಳೇ ನೋಟ್‌ಬುಕ್ ಓದ್ತಿದ್ಲು, ಹಾಲಿನ ಲೆಕ್ಕ ಬರೆಯೋಕೆ ಖಾಲಿ ಹಾಳೆ ಹುಡುಕ್ತಾ ಸಿಕ್ಕಿತಂತೆ. 14 ಪುಟಾನೂ ಓದಿದ್ಲು, ನಾನು ಬಾಗಿಲಲ್ಲೇ ನಿಂತಿದ್ದೆ, ಪರೀಕ್ಷೆ ಹಾಲಿನ ಮುಂದೆ ನಿಂತ ಹಾಗೆ.

"ರೀ, ಆ ಮರ ಬಾಗಿದ್ದು ಬಾವಿ ಕಡೆಗಲ್ವಾ? ಇಲ್ಲಿ ಕಣದ ಕಡೆಗೆ ಬಾಗಿಸಿದೀರಲ್ಲ."

ಹೌದು, ಬಾವಿ ಕಡೆಗೇ. ಅದಕ್ಕೇ ಅರ್ಧ ಕಾಯಿ ಬಾವಿಗೆ ಬಿದ್ದು, ಬಾವಿ ಯಾರದ್ದು ಅಂತ ಎರಡನೇ ಕೇಸು ಶುರುವಾಗಿದ್ದು, ನಾನು ಮರೆತೇಬಿಟ್ಟಿದ್ದೆ. ಪೆನ್ನು ಎಲ್ಲಿಟ್ಟಿದೀಯೇ ಅಂದೆ. "ಹಾಲಿನ ಲೆಕ್ಕ ಆಗ್ಲಿ ತಡೀರಿ" ಅಂದ್ಲು.