ಸತ್ಯಾಂಶ: ಕೊಡಲಿ ರಫ್ತಿಗೆ ಶಸ್ತ್ರ ಪರವಾನಗಿ ಬೇಕೇ?

ಸಕಲೇಶಪುರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಉಕ್ಕಿನ ಕೊಡಲಿ ಮಾರಕಾಸ್ತ್ರ, ಹೊರದೇಶಕ್ಕೆ ಕಳುಹಿಸಲು ಶಸ್ತ್ರ ಪರವಾನಗಿ ಬೇಕು.’ ಇದು ತಪ್ಪು. ಕುಲುಮೆಯವರು ಇದನ್ನು ನಂಬಿ ಹಿಂದೆ ಸರಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಗೊಂದಲಕ್ಕೆ ಕಾರಣವಿದೆ. ಶಸ್ತ್ರಗಳ ನಿಯಮದ ಪಟ್ಟಿಯಲ್ಲಿ ಯುದ್ಧದ ಗಂಡುಗೊಡಲಿಯ ಹೆಸರಿದೆ. ಆದರೆ ಕೇವಲ ಮನೆ ಅಥವಾ ಕೃಷಿ ಬಳಕೆಗೆಂದು ಮಾಡಿದ ವಸ್ತುಗಳನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಹೊರಗಿಟ್ಟಿದೆ. ತೋಟದಲ್ಲಿ ಮರಗಸಿಗೆ, ಅಂದರೆ ಮರದ ಕೊಂಬೆ ಕಡಿಯಲು, ಬಳಸುವ ಕೊಡಲಿ ಅಂಥದ್ದೇ.

ಸರಕುಗಳಿಗೆ ಸಂಕೇತ ಸಂಖ್ಯೆ ಕೊಡುವ ಸುಂಕದ ವರ್ಗೀಕರಣ ಇನ್ನೂ ಸ್ಪಷ್ಟ. ಆಯುಧಗಳಿಗೆ 93ನೇ ಅಧ್ಯಾಯ. ಖಡ್ಗ, ಬಯೋನೆಟ್ (ಬಂದೂಕಿನ ತುದಿಯ ಚೂರಿ)ಗಳು 9307ರಲ್ಲಿ ಬರುತ್ತವೆ. ಕೊಡಲಿ, ಮಚ್ಚುಗಳಂಥ ಕಡಿಯುವ ಕೈಸಲಕರಣೆಗಳಿಗೆ 82ನೇ ಅಧ್ಯಾಯದ 8201.40. ಪಕ್ಕದಲ್ಲೇ ಗುದ್ದಲಿ, ಪಿಕಾಸಿ, ಕುಡುಗೋಲುಗಳೂ ಇವೆ. ಸಂಕೇತದ ಈ ಮೊದಲ ಆರು ಅಂಕಿಗಳು ಕೊಳ್ಳುವ ದೇಶದಲ್ಲೂ ಸಾಮಾನ್ಯವಾಗಿ ಅವೇ. ಮರದ ಕಾವು ಇದ್ದರೂ ವರ್ಗ ಬದಲಾಗುವುದಿಲ್ಲ. ಆದರೆ ರಫ್ತುದಾರರಿಗೆ ಆಮದು–ರಫ್ತು ಸಂಕೇತ ಸಂಖ್ಯೆ (ಐಇಸಿ) ಇರಲೇಬೇಕು.

ನಿಜವಾದ ಎಚ್ಚರ ಬೇಕಿರುವುದು ಪೆಟ್ಟಿಗೆಯಲ್ಲಿ. ಮರದ ಹಲಗೆಯ ಪೆಟ್ಟಿಗೆಯಾದರೆ, ಮರದ ಮೂಲಕ ಕೀಟ ಹರಡದಂತೆ ತಡೆಯುವ ಅಂತರರಾಷ್ಟ್ರೀಯ ನಿಯಮವಾದ ಐಎಸ್‌ಪಿಎಂ 15ರಂತೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಅಥವಾ ಒಪ್ಪಿತವಾದ ಬೇರೆ ಉಪಚಾರ ಆಗಿರಬೇಕು; ಮುದ್ರೆಯೂ ಇರಬೇಕು. ಪ್ಲೈವುಡ್‌ಗೆ ಈ ಕಟ್ಟಳೆಯಿಲ್ಲ. ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರು ಸೇರಿದ ಮೇಲೆ ಕಂಟೇನರ್‌ನೊಳಗೆ ತೇವ ಹನಿಗಟ್ಟಬಹುದು. ಆದ್ದರಿಂದ ಅಲಗಿಗೆ ತೆಳುವಾಗಿ ಎಣ್ಣೆ ಸವರಿ, ತುಕ್ಕು ತಡೆಯುವ ಕಾಗದ ಸುತ್ತಿ, ಬಾಯಿಗೆ ಗಟ್ಟಿ ಹೊದಿಕೆ ಹಾಕಿ ಕಳುಹಿಸಿ.