ಯಾರು ಬಂದಿದ್ರು ಅಂತ ಕೇಳಬಾರದು

ನಮ್ಮ ಸರ್ಕಾರಕ್ಕೆ ಚುರುಕಿಲ್ಲ ಅನ್ನುವವರು 2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಬೇಕು. ಸೋಮವಾರ ಸಂಪುಟ ಸ್ಥಳೀಯರ ಉದ್ಯೋಗ ಮಸೂದೆಗೆ ಅಸ್ತು ಅಂದಿತು. ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70. ಬುಧವಾರ ಅದೇ ಮಸೂದೆಗೆ ತಡೆ. ಎರಡೇ ದಿನ ಸ್ವಾಮೀ! ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೊಡಿ ಅಂದ ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. ಅದು ಪೂರ್ತಿ ಜಾರಿಯಾಗಲಿ ಅಂತ ಕೇಳುತ್ತಾ ಕೇಳುತ್ತಾ ಒಂದು ತಲೆಮಾರು ರಿಟೈರ್ ಆಯಿತು.

ಮಸೂದೆ ಸರಿಯೋ ತಪ್ಪೋ, ಅದು ಬೇರೆ ಜಗಳ. ಐಟಿ ಕಂಪನಿಗಳ ಸಂಘ ನಾಸ್ಕಾಂ ಹೇಳಿಕೆ ಕೊಟ್ಟಿತು, ಉದ್ಯಮಿಗಳು ಟ್ವೀಟ್ ಮಾಡಿದರು, ಪಕ್ಕದ ಆಂಧ್ರದ ಸಚಿವ ನಾರಾ ಲೋಕೇಶ್ ‘ಬನ್ನಿ ನಮ್ಮಲ್ಲಿಗೆ’ ಅಂದರು. ಇಷ್ಟು ನಮಗೆ ಕಂಡದ್ದು. ಆ ಎರಡು ದಿನ ಯಾರ ಫೋನು ಯಾರಿಗೆ ಹೋಯಿತು, ಯಾರ ಕಾರು ಯಾರ ಮನೆ ಮುಂದೆ ನಿಂತಿತ್ತು? ಗೊತ್ತಿಲ್ಲ. ಕಾಯ್ದೆಯನ್ನು ತಮ್ಮ ಕಡೆ ತಿರುಗಿಸೋಕೆ ಹೀಗೆ ಒತ್ತಡ ಹಾಕೋದಕ್ಕೆ ಲಾಬಿ ಅಂತಾರೆ; ಅದನ್ನು ಮಾಡಿದವರು ಯಾರು ಅಂತ ಗೊತ್ತಾಗಬೇಕು ಅನ್ನುವ ಕಾಯ್ದೆಯೂ ಇಲ್ಲ.

ಅದೇ ತಿಂಗಳು ಐಟಿಯವರಿಗೆ ದಿನಕ್ಕೆ 14 ಗಂಟೆ ಕೆಲಸದ ಮಾತು ಎದ್ದಿತ್ತಲ್ಲ? ಗಲಾಟೆಯಾದಾಗ ಕಾರ್ಮಿಕ ಸಚಿವ ಸಂತೋಷ್ ಲಾಡ್, ಇದು ನನ್ನ ಆಸೆಯಲ್ಲ, ಉದ್ಯಮದ ಒತ್ತಡ ಅಂದರು. ಪ್ರಾಮಾಣಿಕ ಮಾತು, ಸಂತೋಷ. ಬೇರೆಯವರಾದರೆ ಅಷ್ಟೂ ಹೇಳುತ್ತಿರಲಿಲ್ಲ. ಆದರೆ ಒತ್ತಡ ಅಂದರೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೇ, ತನ್ನಷ್ಟಕ್ಕೆ ಹುಟ್ಟಿ ವಿಧಾನಸೌಧದ ಕಡೆ ಬೀಸೋಕೆ? ಅದಕ್ಕೂ ಹೆಸರು, ವಿಳಾಸ, ಫೋನ್ ನಂಬರ್ ಇರುತ್ತೆ.

ಹೆಸರು, ವಿಳಾಸ ಅಂದಾಗ ನೆನಪಾಯಿತು. ವಿಧಾನಸೌಧದ ಗೇಟಿನಲ್ಲಿ ನಿಂತು ನೋಡಿದ್ದೀರಾ? ಪ್ಲಾಸ್ಟಿಕ್ ಕವರಿನಲ್ಲಿ ಪಿಂಚಣಿ ಕಾಗದ ಹಿಡಿದ ಯಜಮಾನರೊಬ್ಬರು ಬರುತ್ತಾರೆ. ‘ಯಾರನ್ನ ನೋಡ್ಬೇಕು ಯಜಮಾನ್ರೇ? ಏನ್ ಕೆಲ್ಸ? ಆಧಾರ್ ಎಲ್ಲಿ?’ ಅವರು ಪಂಚೆ ಸರಿಮಾಡಿಕೊಂಡು ಎಲ್ಲಾ ಹೇಳಬೇಕು. ಊರು, ಹೋಬಳಿ, ಯಾವಾಗ ಅರ್ಜಿ ಹಾಕಿದ್ದು, ಹೆಂಡತಿಗೆ ಶುಗರ್ ಇರೋದು, ಎಲ್ಲಾ. ಅಷ್ಟರಲ್ಲಿ ಒಂದು ಬಿಳಿ ಕಾರು ಸುಯ್ಯಂತ ಒಳಗೆ ಹೋಗುತ್ತೆ. ಗಾಜೂ ಇಳಿಯಲ್ಲ. ಅದರೊಳಗೆ ಕೂತವರು ಒಂದು ಕಾಯ್ದೆಯ ಒಂದು ಕಲಮಿನ ಒಂದು ಪದ ಬದಲಾಯಿಸೋಕೆ ಹೊರಟಿರಬಹುದು. ‘ತಕ್ಕದ್ದು’ ಇದ್ದ ಕಡೆ ‘ಬಹುದು’ ಬಂದರೆ ಎಷ್ಟು ಕೋಟಿ ಉಳಿಯುತ್ತೆ, ಅದು ಅವರಿಗೇ ಗೊತ್ತು. ಪುಸ್ತಕದಲ್ಲಿ ಸಹಿ ಮಾತ್ರ ಯಜಮಾನರದ್ದು. ಸರ್ಕಾರದ ಕೆಲಸ ದೇವರ ಕೆಲಸ ಅಂತ ಮೇಲೆ ಬರೆದಿದೆಯಲ್ಲ, ಅದರ ಮೇಲೆ ಜೋಕ್ ಮಾಡಿ ಮಾಡಿ ಸವೆದು ಹೋಗಿದೆ, ಬಿಡಿ.

ಅಮೆರಿಕದವರು ಈ ವಿಷಯದಲ್ಲಿ ಸ್ವಲ್ಪ ನಾಚಿಕೆ ಇಲ್ಲದ ಜನ. ಅಲ್ಲಿನ 50 ರಾಜ್ಯಗಳಲ್ಲೂ ಲಾಬಿ ಮಾಡುವವರು ಹೆಸರು ಬರೆಸಬೇಕು. ಕೇಂದ್ರಕ್ಕೆ 1995ರ ಕಾಯ್ದೆಯೇ ಇದೆ. ಆ ಕಾಯ್ದೆಯ ಕೃಪೆಯಿಂದಲೇ 2012ರಲ್ಲಿ ನಮಗೆ ಒಂದು ಸುದ್ದಿ ಸಿಕ್ಕಿತು. ವಾಲ್‌ಮಾರ್ಟ್ 2008ರಿಂದ ಅಲ್ಲಿ ಲಾಬಿಗೆ ಸುಮಾರು 125 ಕೋಟಿ ರೂಪಾಯಿ ಖರ್ಚು ಮಾಡಿದೆ, ಆ ಲೆಕ್ಕದ ವಿಷಯಗಳಲ್ಲಿ ಭಾರತದ ಮಾರುಕಟ್ಟೆಯೂ ಒಂದು ಅಂತ. ನಮ್ಮ ಸಂಸತ್ತಿನಲ್ಲಿ ಗದ್ದಲವೋ ಗದ್ದಲ. ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರಿಗೆ ತನಿಖೆ ವಹಿಸಿದರು. ಇಲ್ಲಿ ಏನು ನಡೆಯಿತು ಅನ್ನುವುದಕ್ಕೆ ಖಚಿತ ಉತ್ತರ ಸಿಗಲಿಲ್ಲ. ಹೇಗೆ ಸಿಗಬೇಕು? ನಮ್ಮ ಅಂಗಳಕ್ಕೆ ಯಾರು ಬಂದಿದ್ದರು ಅಂತ ವಾಷಿಂಗ್ಟನ್ನಿನ ಕಡತದಲ್ಲಿ ಹುಡುಕಬೇಕಾದ ಪರಿಸ್ಥಿತಿ.

ಪುಸ್ತಕ ಇಟ್ಟ ಮಾತ್ರಕ್ಕೆ ಎಲ್ಲರೂ ಹರಿಶ್ಚಂದ್ರರಾಗಲ್ಲ, ನಿಜ. ಓಹಿಯೋ ರಾಜ್ಯದ ಸ್ಪೀಕರ್ ಲ್ಯಾರಿ ಹೌಸ್‌ಹೋಲ್ಡರ್ ವಿದ್ಯುತ್ ಕಂಪನಿಗೆ ಅನುಕೂಲ ಮಾಡಿಕೊಟ್ಟ ಹಗರಣ 6 ಕೋಟಿ ಡಾಲರಿನದ್ದು. ಆದರೆ 2023ರಲ್ಲಿ 20 ವರ್ಷ ಜೈಲು ಶಿಕ್ಷೆಯಾಯಿತು. ನಮ್ಮಲ್ಲಿ ಸ್ಪೀಕರ್‌ಗೆ ಇಪ್ಪತ್ತು ವರ್ಷ... ಬೇಡ, ಸುಮ್ನೆ ಹಕ್ಕುಚ್ಯುತಿ ಆಗುತ್ತೆ.

ನಮ್ಮಲ್ಲೂ ಒಬ್ಬರು ಪ್ರಯತ್ನಪಟ್ಟರು. 2013ರಲ್ಲಿ ಒಡಿಶಾದ ಸಂಸದ ಕಾಳಿಕೇಶ್ ಸಿಂಗ್ ದೇವ್ ಲಾಬಿ ಬಹಿರಂಗಪಡಿಸಲೇಬೇಕು ಅಂತ ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ, ತಂದರು. 1970ರಿಂದೀಚೆಗೆ ಸಂಸತ್ತಿನಲ್ಲಿ ಒಂದೇ ಒಂದು ಖಾಸಗಿ ಮಸೂದೆಯೂ ಕಾಯ್ದೆಯಾಗಿಲ್ಲ. ಇದೂ ಆಗಲಿಲ್ಲ. ರಾಜ್ಯಗಳಾದರೂ ಮಾಡಬಹುದಿತ್ತು. ಮಾಹಿತಿ ಹಕ್ಕು ಕೇಂದ್ರದಲ್ಲಿ ಬಂದದ್ದು 2005ರಲ್ಲಿ, ಕರ್ನಾಟಕ 2000ದಲ್ಲೇ ತಂದಿತ್ತು. ಆಗ ಇದ್ದ ಧೈರ್ಯ ಈಗ ಎಲ್ಲಿ ಹೋಯಿತೋ.

ಉದ್ಯಮಿಗಳು ಮಂತ್ರಿಗಳನ್ನು ನೋಡಬಾರದು ಅಂತ ಯಾರೂ ಹೇಳುತ್ತಿಲ್ಲ. ನೋಡಲಿ, ಕಾಫಿ ಕುಡಿಯಲಿ, ಬೇಕಾದರೆ ಮದ್ದೂರು ವಡೆಯೂ ತಿನ್ನಲಿ. ಯಾರು, ಯಾರ ಪರವಾಗಿ, ಯಾವ ಮಸೂದೆಗೆ ಅಂತ ಒಂದು ಸಾಲು ಬರೆದಿಡಿ ಅಂತ ಅಷ್ಟೇ ಕೇಳೋದು. 2017ರಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಲಗಾಮು ಹಾಕುವ ಮಸೂದೆ ಬಂದಾಗ ವೈದ್ಯರು ಬೆಳಗಾವಿಯಲ್ಲಿ ಬಹಿರಂಗವಾಗಿ ಪ್ರತಿಭಟಿಸಿದರು, ರಾಜ್ಯದಲ್ಲಿ ಹೊರರೋಗಿ ವಿಭಾಗ ಮುಚ್ಚಿದರು. ಮಸೂದೆ ಮೆತ್ತಗಾಯಿತು. ಕನಿಷ್ಠ ಅದು ಕಣ್ಣಿಗೆ ಕಂಡಿತು. ಆದರೆ ಆಸ್ಪತ್ರೆ ಬಿಲ್ಲಿಗೆ ಹೊಲ ಅಡ ಇಟ್ಟವನ ಪರವಾಗಿ ಒಳಗೆ ಹೋಗಿ ಕೂತು ಮಾತಾಡಿದವರು ಯಾರು? ಅವನಿಗೆ ಸಂಘ ಇಲ್ಲ, ಬೆಳಗಾವಿಗೆ ಬರೋಕೆ ಬಸ್ ಚಾರ್ಜೂ ಇಲ್ಲ. ಇದನ್ನೆಲ್ಲ ತಮಾಷೆ ಮಾಡಿ ಬರೆಯೋಕೆ ಒಮ್ಮೊಮ್ಮೆ ಮನಸ್ಸೇ ಬರಲ್ಲ. ಯಾರ ದುಡ್ಡಿನಲ್ಲಿ ನಮ್ಮ ಕಾಯ್ದೆ ತಿದ್ದಲಾಗುತ್ತಿದೆ ಅಂತ ಕೇಳೋದು ಅಷ್ಟು ದೊಡ್ಡ ಅಪರಾಧವೇನ್ರೀ?

ಹೊರಗಿನವರು ಯಾರೂ ಬಂದು ಲಾಬಿ ಮಾಡಬೇಕಾಗಿರದ ಮಸೂದೆಯೂ ಇದೆ, ಅದನ್ನೂ ಹೇಳಿಬಿಡಬೇಕು. 2025ರ ಮಾರ್ಚ್ 21ರಂದು ಸದನದಲ್ಲಿ ಹನಿಟ್ರ್ಯಾಪ್ ಗಲಾಟೆ, ಕಾಗದ ಹರಿದು ಎಸೆದಾಟ, 18 ಶಾಸಕರ ಅಮಾನತು. ಆ ಗದ್ದಲದ ನಡುವೆಯೇ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಚರ್ಚೆಯೇ ಇಲ್ಲದೆ ಪಾಸಾಯಿತು.