ಮೂರನೇ ಸಾಲು

ನಮ್ಮ ಬೀದಿಯ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಮದುವೆ ಗೊತ್ತಾಗಿರುವ ಹುಡುಗ ಡೆಹ್ರಾಡೂನಿನಲ್ಲಿ ಆಫೀಸರ್ ಟ್ರೇನಿಂಗಿನಲ್ಲಿದ್ದಾನೆ. ಇಲ್ಲಿ ಅವಳ ಅಪ್ಪನಿಗೆ ಹುಷಾರಿಲ್ಲ. "ಅವರಿಗೆ ಹೇಳಬೇಡ, ಟ್ರೇನಿಂಗ್ ಕೆಡುತ್ತೆ ಅಂತಾರೆ ಆಂಟಿ" ಅಂದಳು. ಇವತ್ತೇ ಹೇಳು ತಾಯಿ ಅಂದೆ.

ನಮ್ಮ ಯಜಮಾನರು ಸಿಪಾಯಿಯಾಗಿ ಸೇರಿದವರು. ಆಮೇಲೆ ಪರೀಕ್ಷೆ ಪಾಸು ಮಾಡಿ, ಆಫೀಸರ್ ಆಗೋದಕ್ಕೆ ಆರ್ಮಿ ಕೆಡೆಟ್ ಕಾಲೇಜಿಗೆ ಹೋದರು. ಅಲ್ಲಿ ಮೂರು ವರ್ಷ ಡಿಗ್ರಿ, ಅದರ ಮೇಲೆ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಒಂದು ವರ್ಷ. ದಾವಣಗೆರೆಯಲ್ಲಿ ಕಾಯುವವಳಿಗೆ ಒಟ್ಟು ನಾಲ್ಕು ವರ್ಷ. ಆಗಿನ್ನೂ ನಮ್ಮ ಮದುವೆಯಾಗಿರಲಿಲ್ಲ, ಅವರ ಕಾಗದಗಳು ಮಂಡಿಪೇಟೆಯ ಗೆಳತಿಯ ಮನೆಗೆ ಬರುತ್ತಿದ್ದವು. "ದಿನವಿಡೀ ಇಂಗ್ಲಿಷು, ಹಿಂದಿ. ಕನ್ನಡ ಅಂತ ಸಿಗೋದು ಈ ಹಾಳೆ ಮೇಲೆ ಮಾತ್ರ" ಅಂತ ಬರೆದಿದ್ದರು. ಕಾಲಲ್ಲಿ ಬೊಬ್ಬೆ, ನಿದ್ದೆಗೇಡು, ಮಂಡಕ್ಕಿ ಮೆಣಸಿನಕಾಯಿ ನೆನಪು, ಎಲ್ಲಾ ಇರುತ್ತಿತ್ತು.

ಒಂದು ಕಾಗದದಲ್ಲಿ, 1932ರಲ್ಲಿ ಅಕಾಡೆಮಿ ಉದ್ಘಾಟಿಸುತ್ತಾ ಆಗಿನ ಬ್ರಿಟಿಷ್ ಸೇನಾ ಮುಖ್ಯಸ್ಥ ಚೆಟ್‌ವುಡ್ ಆಡಿದ ಮಾತನ್ನು ಕನ್ನಡಕ್ಕೆ ತಂದಿದ್ದರು. ಅಲ್ಲಿನ ಹಾಲ್‌ನಲ್ಲಿ ಅದನ್ನು ಕೆತ್ತಿಸಿದ್ದಾರೆ. ಮೊದಲು ದೇಶದ ಸುರಕ್ಷತೆ, ಗೌರವ, ಕ್ಷೇಮ. ಆಮೇಲೆ ನಿನ್ನ ಕೈಕೆಳಗಿನ ಸೈನಿಕರದು. ನಿನ್ನ ಸುಖ, ನಿನ್ನ ಸುರಕ್ಷತೆ ಯಾವತ್ತೂ ಕೊನೆಗೆ. ಕೆಳಗೆ ಕೇಳಿದ್ದರು: "ಇದರಲ್ಲಿ ನೀನು ಎಲ್ಲಿ ಬರ್ತೀಯ?"

"ಮೂರನೇ ಸಾಲಲ್ಲಿ, ನಿಮ್ಮ ಜೊತೆ" ಅಂತ ಬರೆದೆ. ಹೆಮ್ಮೆಯಿಂದಲೇ ಬರೆದೆ. ಆ ಹೆಮ್ಮೆಯಲ್ಲೇ ತಪ್ಪು ಮಾಡಿದೆ.

ಆಗ ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದರು. ಹರಿಹರದ ಕಡೆಯವರು ಬಂದು ನೋಡಿ ಒಪ್ಪಿಕೊಂಡೂ ಹೋಗಿದ್ದರು. ರಾತ್ರಿ ಹೊದಿಕೆಯೊಳಗೆ ಅಳುತ್ತಿದ್ದೆ, ಕಾಗದದಲ್ಲಿ ಮಾತ್ರ ದುರ್ಗಮ್ಮನ ಜಾತ್ರೆಯ ಸುದ್ದಿ, ಕುಂದವಾಡ ಕೆರೆಯ ಸುದ್ದಿ. ನನ್ನ ಕಷ್ಟವೂ ಕೊನೆಗೇ ಇರಬೇಕು ಅಂದುಕೊಂಡಿದ್ದೆ.

ಐದು ತಿಂಗಳಾದ ಮೇಲೆ ಊರಿನ ಗೆಳೆಯನಿಂದ ಅವರಿಗೆ ಗೊತ್ತಾಯಿತು. ಬಂದ ಕಾಗದ ಚಿಕ್ಕದು. "ಆ ಮೂರನೇ ಸಾಲು ನಾನು ಒಪ್ಪಿಕೊಂಡಿದ್ದು. ನಿನ್ನ ಮೇಲೆ ಯಾರೂ ಹೊರಿಸಿಲ್ಲ. ನಿನ್ನ ನೋವು ಕೇಳೋಕೂ ಆಗದವನು ನಾಳೆ ನನ್ನ ಹುಡುಗರ ನೋವು ಏನು ಕೇಳ್ತೀನಿ?"

ಸೈನಿಕನನ್ನು ಕಾಯುವ ಹೆಣ್ಣು ನಗುತ್ತಲೇ ಇರಬೇಕು ಅನ್ನುವವರನ್ನು ಕಂಡರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಅವನು ವಚನ ಕೊಟ್ಟು ಹೋಗಿದ್ದಾನೆ. ಅವಳ ಬಾಯಿಗೆ ಬೀಗ ಹಾಕಿದವರು ನಾವು.

ಅವತ್ತು ರಾತ್ರಿ ಕೂತು ಎಲ್ಲಾ ಬರೆದೆ. ಇನ್‌ಲ್ಯಾಂಡ್ ಲೆಟರ್ ಸಾಲಲಿಲ್ಲ. ಏಳು ಹಾಳೆ ಮಡಚಿ ಲಕೋಟೆಗೆ ತುರುಕಿ, ಬೆಳಿಗ್ಗೆ ಪೋಸ್ಟಾಫೀಸಿನಲ್ಲಿ ತೂಗಿಸಿ, ಹೆಚ್ಚಿನ ಸ್ಟಾಂಪು ಹಚ್ಚಿ ಹಾಕಿ ಬಂದೆ.